ಕಿಡಿ ಹಾರದ ಹಾಗೆ ಕರೆಂಟು ಇಳಿಸುವ ಪ್ಲಾಸ್ಟಿಕ್

ಫೆಬ್ರುವರಿ ಅರ್ಧ ಕಳೆಯಿತೆಂದರೆ ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ಕಡೆ ಗಾಳಿ ಒಣಗುತ್ತದೆ. ಆಗ ಪಾಲಿಯೆಸ್ಟರ್ ನೂಲು ನೇಕಾರರ ಮಾತು ಕೇಳುವುದಿಲ್ಲ. ಹಾಸು ಸುತ್ತುವಾಗ ಎಳೆಗಳು ಒಂದನ್ನೊಂದು ತಳ್ಳಿ ಉಬ್ಬುತ್ತವೆ. ಸಡಿಲಾದ ಎಳೆ ಪಕ್ಕದ್ದಕ್ಕೆ ಸುತ್ತಿಕೊಂಡು ಹರಿಯುತ್ತದೆ. ಗಾಳಿಯಲ್ಲಿದ್ದ ಧೂಳು, ಹತ್ತಿಯ ನವಿರು ಎಲ್ಲ ಬಂದು ಅಂಟುತ್ತವೆ. ನೇಯ್ದ ಬಟ್ಟೆ ಸುತ್ತಿದ ರೋಲಿಗೆ ಬೆರಳು ತಾಗಿಸಿದರೆ ಚುರ್ ಎನ್ನುತ್ತದೆ. ಜುಲೈನಲ್ಲಿ ಇದೇ ನೂಲು, ಇದೇ ಮಗ್ಗ, ಯಾವ ತಕರಾರೂ ಇರುವುದಿಲ್ಲ.

ಇದು ಸ್ಥಿರ ವಿದ್ಯುತ್ತಿನ ಕೆಲಸ. ಬಳಕೆಯ ಮಾತಿನಲ್ಲಿ ‘ಸ್ಟ್ಯಾಟಿಕ್’. ಎರಡು ವಸ್ತುಗಳು ಒಂದಕ್ಕೊಂದು ತಾಗಿ ಬೇರಾದಾಗ ಒಂದರ ಮೇಲ್ಮೈಯಿಂದ ಕೆಲವು ಎಲೆಕ್ಟ್ರಾನುಗಳು ಇನ್ನೊಂದಕ್ಕೆ ಹೋಗಿ ಕೂರುತ್ತವೆ. ಉಜ್ಜಲೇಬೇಕೆಂದಿಲ್ಲ, ತಾಗಿ ಬಿಟ್ಟರೆ ಸಾಕು. ಉಜ್ಜುವುದರಿಂದ ತಾಗುವ ಜಾಗ ಹೆಚ್ಚುತ್ತದೆ, ಅಷ್ಟೇ. ಒಂದು ಲೋಹಕ್ಕೆ ಇನ್ನೊಂದು ಲೋಹ ತಾಗಿದರೂ ಹೀಗೆ ಆಗುತ್ತದೆ, ಆದರೆ ಬೇರಾಗುವಷ್ಟರಲ್ಲೇ ಚಾರ್ಜು ವಾಪಸು ಹರಿದು ಲೆಕ್ಕ ಚುಕ್ತಾ ಆಗಿರುತ್ತದೆ. ಪಾಲಿಯೆಸ್ಟರಿನಲ್ಲಿ ಹರಿಯಲು ದಾರಿ ಇಲ್ಲ. ಬಂದ ಚಾರ್ಜು ಬಂದಲ್ಲೇ ಕೂರುತ್ತದೆ.

ಹತ್ತಿ ನೂಲು ಈ ತೊಂದರೆ ಕೊಡದಿರುವುದಕ್ಕೆ ಕಾರಣ ಅದರೊಳಗಿನ ನೀರು. ಗಾಳಿಯ ತೇವಾಂಶ ಶೇ. 65 ಇದ್ದಾಗ ಹತ್ತಿ ತನ್ನ ಒಣ ತೂಕದ ಸುಮಾರು ಶೇ. 8.5ರಷ್ಟು ನೀರನ್ನು ಗಾಳಿಯಿಂದ ಹೀರಿ ಇಟ್ಟುಕೊಂಡಿರುತ್ತದೆ. ರೇಷ್ಮೆ ಶೇ. 11, ನೈಲಾನ್ ಶೇ. 4ರ ಆಸುಪಾಸು. ಪಾಲಿಯೆಸ್ಟರ್ ಶೇ. 0.4 ಮಾತ್ರ. ಪಾಲಿಪ್ರೊಪಿಲೀನ್, ಅಂದರೆ ಸಕ್ಕರೆ, ಗೊಬ್ಬರ, ಸಿಮೆಂಟು ತುಂಬುವ ಬಿಳಿ ಪ್ಲಾಸ್ಟಿಕ್ ಚೀಲದ ಎಳೆ, ಹೆಚ್ಚುಕಡಿಮೆ ಸೊನ್ನೆ. ಆ ಹೀರಿದ ನೀರಿನ ಜೊತೆ ಅಷ್ಟಿಷ್ಟು ಉಪ್ಪಿನ ಅಂಶ ಇದ್ದೇ ಇರುತ್ತದೆ. ಚಾರ್ಜು ಅದರ ಮೂಲಕ ಸದ್ದಿಲ್ಲದೆ ಸೋರಿಹೋಗುತ್ತದೆ. ನೆಲಕ್ಕೆ ನೀರು ಚಿಮುಕಿಸುವ, ಒದ್ದೆ ಗೋಣಿತಟ್ಟು ಕಟ್ಟುವ ಹಳೆಯ ಉಪಾಯದಲ್ಲಿ ತಪ್ಪೇನಿಲ್ಲ. ತೇವಾಂಶ ಶೇ. 65-70ಕ್ಕೆ ಏರಿದರೆ ಅರ್ಧ ಕಾಟ ಕಳೆಯುತ್ತದೆ. ಆದರೆ ಹೊರಗೆ ನಲವತ್ತು ಡಿಗ್ರಿ ಬಿಸಿಲಿರುವಾಗ ತಗಡಿನ ಸೂರಿನ ಕೆಳಗೆ ಅಷ್ಟು ತೇವ ಹಿಡಿದಿಡುವುದು ಸುಲಭವಲ್ಲ, ನೀರೂ ಬೇಕಲ್ಲ.

ಮಗ್ಗದ ಮನೆಯಲ್ಲಿ ಸ್ಟ್ಯಾಟಿಕ್ ಅಂದರೆ ನಷ್ಟ. ಪಕ್ಕದ ಸಕ್ಕರೆ ಸೀಮೆಯಲ್ಲಿ ಅದು ಬೆಂಕಿಯ ಪ್ರಶ್ನೆ. ಸಮೀರವಾಡಿ, ಮುಧೋಳ, ಜಮಖಂಡಿ ತಾಲೂಕಿನ ಹಿರೇಪಡಸಲಗಿ, ಬೀಳಗಿ ತಾಲೂಕಿನ ಬಾಡಗಂಡಿ, ಹೀಗೆ ಘಟಪ್ರಭಾ-ಕೃಷ್ಣೆಯ ನಡುವೆ ಕಬ್ಬು ಅರೆಯುವ ಕಾರ್ಖಾನೆಗಳ ಸಾಲೇ ಇದೆ. ಪೆಟ್ರೋಲಿಗೆ ಶೇ. 20 ಎಥೆನಾಲ್ ಬೆರೆಸುವ ದಿನಗಳಿವು. ಸಕ್ಕರೆಗೆ ಹೆಸರಾದ ಸೀಮೆಯಲ್ಲಿ ಈಗ ಸ್ಪಿರಿಟ್ ತುಂಬಿದ ಟ್ಯಾಂಕರುಗಳೂ ಓಡಾಡುತ್ತವೆ.

ಮೊದಲು ಕಿಡಿಯ ಲೆಕ್ಕ ನೋಡಿಬಿಡೋಣ. ನಿಂತ ಮನುಷ್ಯ ಒಂದು ಸಣ್ಣ ಕೆಪಾಸಿಟರ್. ಅವನ ಮೈಯ ಕೆಪಾಸಿಟಿ ಸುಮಾರು 150 ಪಿಕೋಫ್ಯಾರಡ್. ಒಣ ಹವೆಯಲ್ಲಿ ರಬ್ಬರ್ ಚಪ್ಪಲಿ ಹಾಕಿಕೊಂಡು ಓಡಾಡಿದರೆ ಅಥವಾ ರೆಕ್ಸಿನ್ ಸೀಟಿನಿಂದ ಎದ್ದರೆ ಮೈಮೇಲೆ ಐದು-ಹತ್ತು ಸಾವಿರ ವೋಲ್ಟು ಏರುವುದು ಮಾಮೂಲು. ಮೂರು ಸಾವಿರ ವೋಲ್ಟಿಗಿಂತ ಕಡಿಮೆ ಇದ್ದರೆ ನಮಗೆ ತಿಳಿಯುವುದೇ ಇಲ್ಲ. ವೋಲ್ಟು ದೊಡ್ಡದು, ಆದರೆ ಶಕ್ತಿ ಅತ್ಯಲ್ಪ: ಹತ್ತು ಸಾವಿರ ವೋಲ್ಟಿಗೆ ಸುಮಾರು 7.5 ಮಿಲಿಜೂಲ್. ಮನುಷ್ಯನಿಗೆ ಅದು ಚುರುಕ್ ಅನ್ನುವಷ್ಟೇ. ಪೆಟ್ರೋಲ್ ಆವಿಗಾಗಲಿ ಎಥೆನಾಲ್ ಆವಿಗಾಗಲಿ ಹೊತ್ತಿಕೊಳ್ಳಲು ಬೇಕಾದದ್ದು ಸುಮಾರು ಕಾಲು ಮಿಲಿಜೂಲ್. ಅಂದರೆ ಬೆರಳ ತುದಿಯ ಕಿಡಿಯಲ್ಲಿ ಬೇಕಾದದ್ದರ ಮೂವತ್ತು ಪಟ್ಟು ಶಕ್ತಿ ಇದೆ.

ಎಥೆನಾಲಿನ ಒಂದು ಗುಣವನ್ನು ಈ ಕಡೆಯವರು ಗಮನಿಸಬೇಕು. ಗಾಳಿಯಲ್ಲಿ ಅದರ ಆವಿ ಶೇ. 3.3ರಿಂದ 19ರವರೆಗೆ ಇದ್ದರೆ ಹೊತ್ತಿಕೊಳ್ಳುತ್ತದೆ. ಮುಚ್ಚಿದ ಟ್ಯಾಂಕಿನಲ್ಲಿ ದ್ರವದ ಮೇಲಿನ ಖಾಲಿ ಜಾಗದಲ್ಲಿ ಆವಿ ಈ ಪ್ರಮಾಣಕ್ಕೆ ಬರುವುದು ಸುಮಾರು 13 ಡಿಗ್ರಿಯಿಂದ 42 ಡಿಗ್ರಿ ಸೆಲ್ಸಿಯಸ್ ನಡುವೆ. ಬಾಗಲಕೋಟೆ ಜಿಲ್ಲೆಯ ವರ್ಷದ ಬಹುಪಾಲು ಇದರೊಳಗೇ ಬಂತು. ಪೆಟ್ರೋಲಿನ ಟ್ಯಾಂಕಿನಲ್ಲಿ ಆವಿ ಎಷ್ಟು ದಟ್ಟವೆಂದರೆ ಒಳಗೆ ಉರಿಯಲು ಗಾಳಿಯೇ ಸಾಲದು, ಅಪಾಯ ಬಾಯಿಯ ಹತ್ತಿರ ಹೆಚ್ಚು. ಎಥೆನಾಲಿನಲ್ಲಿ ಟ್ಯಾಂಕಿನ ಒಳಗೇ ಅಪಾಯ. ಸಮಾಧಾನದ ಸಂಗತಿಯೂ ಒಂದಿದೆ. ಪೆಟ್ರೋಲ್ ಅವಾಹಕ, ಪೈಪಿನಲ್ಲಿ ಹರಿಯುವಾಗ ಹುಟ್ಟಿದ ಚಾರ್ಜನ್ನು ಹೊತ್ತುಕೊಂಡೇ ಹೋಗುತ್ತದೆ. ಎಥೆನಾಲ್ ತಕ್ಕಮಟ್ಟಿಗೆ ವಾಹಕ, ಚಾರ್ಜನ್ನು ಬೇಗ ಬಿಟ್ಟುಕೊಡುತ್ತದೆ, ಆದರೆ ಪಾತ್ರೆ ಲೋಹದ್ದಾಗಿ ಭೂಮಿಗೆ ಜೋಡಿಸಿದ್ದಾಗಿರಬೇಕು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಅದು ಯಾರಿಗೆ ಬಿಟ್ಟುಕೊಡಬೇಕು?

ಸಕ್ಕರೆಯ ಮಾತು ಬೇರೆ. ಹರಳು ಸಕ್ಕರೆ ಹೊತ್ತುವುದಿಲ್ಲ. ಅದರ ನಯವಾದ ಧೂಳು ಗಾಳಿಯಲ್ಲಿ ತೇಲಿದರೆ ಹೊತ್ತುತ್ತದೆ, ಸಿಡಿಯುತ್ತದೆ. 2008ರ ಫೆಬ್ರುವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನಲ್ಲಿ ಇಂಪೀರಿಯಲ್ ಶುಗರ್ ಕಾರ್ಖಾನೆ ಹೀಗೆ ಸಿಡಿದು 14 ಜನ ಸತ್ತರು. ಅಲ್ಲಿ ಕಿಡಿಗೆ ಕಾರಣ ಸ್ಟ್ಯಾಟಿಕ್ ಅಲ್ಲ, ಮುಚ್ಚಿದ ಕನ್ವೇಯರ್ ಒಳಗೆ ಕಾದ ಬೇರಿಂಗ್ ಇರಬೇಕೆಂದು ತನಿಖೆ ಹೇಳಿತು. ಸಕ್ಕರೆ ಧೂಳಿಗೆ ಹತ್ತಾರು ಮಿಲಿಜೂಲ್ ಬೇಕು, ಮನುಷ್ಯನ ಬೆರಳ ಕಿಡಿ ಸಾಮಾನ್ಯವಾಗಿ ಸಾಲದು. ಆದರೆ ರಬ್ಬರ್ ಪ್ಯಾಡಿನ ಮೇಲೆ ಕೂರಿಸಿದ, ಅರ್ಥಿಂಗ್ ತಂತಿ ಕಿತ್ತುಹೋದ ದೊಡ್ಡ ಲೋಹದ ಹಾಪರ್ ಸಾವಿರ ಪಿಕೋಫ್ಯಾರಡ್ ಹಿಡಿಯಬಲ್ಲದು. ಅದು ಹತ್ತು ಸಾವಿರ ವೋಲ್ಟಿಗೆ ಏರಿದರೆ ಕಿಡಿ 50 ಮಿಲಿಜೂಲಿನದು. ಅದು ಸಾಕು.

ಬಗ್ಯಾಸು, ಅಂದರೆ ಅರೆದ ಕಬ್ಬಿನ ಸಿಪ್ಪೆಯ ಬಗ್ಗೆ ಇಷ್ಟು ಹೆದರಬೇಕಿಲ್ಲ, ಗಾಣದಿಂದ ಬರುವಾಗ ಅದರಲ್ಲಿ ಅರ್ಧ ನೀರೇ ಇರುತ್ತದೆ. ಮಹಾಲಿಂಗಪುರದ ಬೆಲ್ಲವಂತೂ ತಾನೇ ತೇವ ಹೀರುವ ವಸ್ತು.

ಲೋಹವೇ ಅಪಾಯವಾಗುವುದು

ಸ್ಟ್ಯಾಟಿಕ್ ಅಂದರೆ ಪ್ಲಾಸ್ಟಿಕ್ ಕಾಟ, ಆದ್ದರಿಂದ ಲೋಹ ಹಾಕಿದರೆ ಮುಗಿಯಿತು ಎಂದು ಬಹಳ ಜನ ತಿಳಿದಿದ್ದಾರೆ. ಅರ್ಧ ಸರಿ. ಪ್ಲಾಸ್ಟಿಕ್ ಹಾಳೆಯ ಮೇಲೆ ಚಾರ್ಜು ಕೂತಿದ್ದರೆ ಅದರ ಹತ್ತಿರ ಬೆರಳು ತಂದಾಗ ಬೆರಳಿನ ಆಸುಪಾಸಿನ ಚಾರ್ಜು ಮಾತ್ರ ಹಾರಬಲ್ಲದು, ಉಳಿದದ್ದು ಚಲಿಸಲಾಗದೆ ಅಲ್ಲೇ ಇರುತ್ತದೆ. ಇಂಥ ಕಿಡಿಯ ಶಕ್ತಿ ಹೆಚ್ಚೆಂದರೆ ಮೂರು-ನಾಲ್ಕು ಮಿಲಿಜೂಲ್. ಆವಿ ಹೊತ್ತಿಸಲು ಅಷ್ಟೇ ಸಾಕು, ಧೂಳು ಹೊತ್ತಿಸಲು ಬಹುಪಾಲು ಸಾಲದು. ಭೂಮಿಗೆ ಸೇರದ ಲೋಹದ ವಸ್ತುವಾದರೆ ಅದರಲ್ಲಿದ್ದ ಚಾರ್ಜೆಲ್ಲ ಒಂದೇ ಕ್ಷಣದಲ್ಲಿ, ಒಂದೇ ಜಾಗದಿಂದ ಜಿಗಿಯುತ್ತದೆ. ಪ್ಲಾಸ್ಟಿಕ್ ಡ್ರಮ್ಮಿನ ಬಾಯಲ್ಲಿ ಇಟ್ಟ ಕಬ್ಬಿಣದ ಆಲಿಕೆ, ಎರಡು ಪ್ಲಾಸ್ಟಿಕ್ ಪೈಪುಗಳ ನಡುವೆ ಸಿಕ್ಕ ಲೋಹದ ಫ್ಲ್ಯಾಂಜು, ಒಳಗೆ ತಂತಿ ಸುತ್ತಿದ ಆದರೆ ತಂತಿಯ ತುದಿಯನ್ನು ಎಲ್ಲಿಯೂ ಕಟ್ಟದ ಹೀರುಗೊಳವೆ, ಇವು ಬರೀ ಪ್ಲಾಸ್ಟಿಕ್ಕಿಗಿಂತ ಕೆಟ್ಟವು. ಸ್ಟ್ಯಾಟಿಕ್ ತಡೆಯುವ ಕಪ್ಪು ಚೀಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಭೂಮಿಗೆ ಜೋಡಿಸದ ವಾಹಕ ಪ್ಲಾಸ್ಟಿಕ್, ಸಾದಾ ಪ್ಲಾಸ್ಟಿಕ್ಕಿಗಿಂತ ಅಪಾಯಕಾರಿಯಾಗಬಹುದು. ಕೊಂಡವರು ಇದನ್ನು ಮರೆಯುವುದೇ ಹೆಚ್ಚು, ಮಾರುವವರು ಹೇಳುವುದೂ ಕಡಿಮೆ.

ಹಾಗಾದರೆ ಎಂಥ ವಸ್ತು ಬೇಕು? ಒಳ್ಳೆಯ ವಾಹಕ ಬೇಡ, ಒಳ್ಳೆಯ ಅವಾಹಕವೂ ಬೇಡ, ಕೆಟ್ಟ ವಾಹಕ ಬೇಕು. ಲೆಕ್ಕ ಸರಳ. ಚಾರ್ಜು ಇಳಿಯಲು ಹಿಡಿಯುವ ಹೊತ್ತು ಎಂದರೆ ರೋಧವನ್ನು ಕೆಪಾಸಿಟಿಯಿಂದ ಗುಣಿಸಿದಷ್ಟು. 150 ಪಿಕೋಫ್ಯಾರಡ್ ಮನುಷ್ಯ ನೂರು ಕೋಟಿ ಓಮಿನ ದಾರಿಯ ಮೇಲೆ ನಿಂತಿದ್ದರೂ ಅವನ ಚಾರ್ಜು 0.15 ಸೆಕೆಂಡಿನಲ್ಲಿ ಮೂರರಲ್ಲಿ ಎರಡು ಪಾಲು ಇಳಿದುಹೋಗುತ್ತದೆ, ಒಂದು ಹೆಜ್ಜೆ ಎತ್ತಿಡುವ ಮೊದಲೇ. ಹತ್ತು ಲಕ್ಷ ಓಮ್ ಆದರೆ ಸೆಕೆಂಡಿನ ಹತ್ತು ಸಾವಿರದ ಒಂದೆರಡು ಭಾಗ. ಲಕ್ಷ ಕೋಟಿ ಓಮ್ ಆದರೆ ಎರಡೂವರೆ ನಿಮಿಷ, ಅಷ್ಟರಲ್ಲಿ ಅವನು ನಾಲ್ಕು ಕಡೆ ಕೈ ತಾಗಿಸಿರುತ್ತಾನೆ. ಮನೆಯ ವೈರಿಂಗಿನವರಿಗೆ ನೂರು ಕೋಟಿ ಓಮ್ ಎಂದರೆ ಪಕ್ಕಾ ಇನ್ಸುಲೇಶನ್. ಸ್ಟ್ಯಾಟಿಕ್ ಮಟ್ಟಿಗೆ ಅದು ತೆರೆದ ಬಾಗಿಲು. ಇಲ್ಲಿ ಹರಿಸಬೇಕಾದ ಕರೆಂಟು ಅತ್ಯಲ್ಪ.

ಈ ಕ್ಷೇತ್ರದ ಮಾನಕಗಳು ಮೇಲ್ಮೈ ರೋಧದ ಮೇಲೆ ವಸ್ತುಗಳನ್ನು ಮೂರು ಗುಂಪು ಮಾಡುತ್ತವೆ. ಹತ್ತು ಸಾವಿರ ಓಮಿಗಿಂತ ಕಡಿಮೆಯಾದರೆ ವಾಹಕ. ಅಲ್ಲಿಂದ ಹತ್ತು ಸಾವಿರ ಕೋಟಿ ಓಮಿನವರೆಗೆ ಚಾರ್ಜನ್ನು ಮೆಲ್ಲಗೆ ಇಳಿಸುವ ವಸ್ತು, ಅದನ್ನು ಡಿಸಿಪೇಟಿವ್ ಎನ್ನುತ್ತಾರೆ. ಅದಕ್ಕೂ ಮೇಲೆ ಅವಾಹಕ. ನಡುವಿನ ಗುಂಪು ಇಷ್ಟು ಅಗಲವಾಗಿರುವುದೇ ಈ ಉದ್ಯಮಕ್ಕೆ ಅನುಕೂಲ, ಅಲ್ಲಿ ಎಲ್ಲೋ ಒಂದು ಕಡೆ ಬಿದ್ದರೆ ಸಾಕು. ಕೆಳಗಿನ ಮಿತಿ ಯಾಕೆ ಎಂದರೆ ಎರಡು ಕಾರಣ. ಚಾರ್ಜಾದ ವಸ್ತುವನ್ನು ಬರೀ ಲೋಹದ ಮೇಲೆ ಇಟ್ಟರೆ ಇಳಿಯುವ ರಭಸದಲ್ಲೇ ಕಿಡಿ ಹಾರುತ್ತದೆ. ಎರಡನೆಯದು ಜೀವದ ಪ್ರಶ್ನೆ: ಮೈಯನ್ನು ನೇರ ತಂತಿಯಿಂದ ಭೂಮಿಗೆ ಕಟ್ಟಿಕೊಂಡು 230 ವೋಲ್ಟಿನ ಫೇಸ್ ಮುಟ್ಟಿದರೆ ಉಳಿಯುವುದು ಕಷ್ಟ. ಎಲೆಕ್ಟ್ರಾನಿಕ್ಸ್ ರಿಪೇರಿಯವರು ಮುಂಗೈಗೆ ಕಟ್ಟುವ ಪಟ್ಟಿಯಲ್ಲಿ ಹತ್ತು ಲಕ್ಷ ಓಮಿನ ರೆಸಿಸ್ಟರ್ ಇರುವುದು ಅದಕ್ಕೇ. ಆಗ 230 ವೋಲ್ಟಿಗೆ ಹರಿಯುವುದು 0.23 ಮಿಲಿಆಂಪಿಯರ್, ತಿಳಿಯುವುದೂ ಇಲ್ಲ. ಆ್ಯಂಟಿಸ್ಟ್ಯಾಟಿಕ್ ಬೂಟುಗಳಿಗೂ ಹೀಗೆ ಒಂದು ಲಕ್ಷದಿಂದ ನೂರು ಕೋಟಿ ಓಮಿನವರೆಗೆ ಎಂದು ಎರಡು ತುದಿಯಲ್ಲೂ ಮಿತಿ ಇದೆ. ಪಟ್ಟಿಯ ಬದಲು ಸಾದಾ ತಂತಿ ಕಟ್ಟಿಕೊಳ್ಳುವ ಮೊಬೈಲ್ ರಿಪೇರಿ ಹುಡುಗರಿಗೆ ಇದನ್ನು ಹೇಳಲೇಬೇಕು.

ಪ್ಲಾಸ್ಟಿಕ್ಕಿಗೆ ದಾರಿ ಮಾಡುವುದು

ಪಾಲಿಮರನ್ನು ಹೀಗೆ ‘ಕೆಡಿಸಲು’ ಮೂರು ವಿಧಾನಗಳಿವೆ.

ಅಗ್ಗದ್ದು ನೀರು ಕರೆಯುವ ವಿಧಾನ. ಸಾಬೂನಿನ ಜಾತಿಯ, ಒಂದು ತುದಿ ನೀರನ್ನು ಇಷ್ಟಪಡುವ ರಾಸಾಯನಿಕವನ್ನು ಪ್ಲಾಸ್ಟಿಕ್ಕಿಗೆ ತುಸು ಬೆರೆಸುತ್ತಾರೆ. ಅದು ದಿನ ಕಳೆದಂತೆ ಒಳಗಿಂದ ಮೇಲ್ಮೈಗೆ ಬೆವರಿನಂತೆ ಬಂದು ಗಾಳಿಯ ತೇವ ಹಿಡಿದು ಕಣ್ಣಿಗೆ ಕಾಣದ ನೀರಿನ ಪದರ ಮಾಡುತ್ತದೆ. ಕಂಪ್ಯೂಟರ್ ಬಿಡಿಭಾಗ ಸುತ್ತಿ ಬರುವ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಚೀಲ ಈ ಬಗೆಯದು. ಪಾಲಿಯೆಸ್ಟರ್ ನೂಲಿಗೆ ಗಿರಣಿಯಲ್ಲೇ ಹಚ್ಚಿ ಕಳಿಸುವ ಎಣ್ಣೆಯಲ್ಲೂ ಇದರ ಬಂಧುಗಳಿರುತ್ತವೆ. ಇದರ ಕುಂದು ಏನೆಂದರೆ, ಒರೆಸಿದರೆ ಹೋಗುತ್ತದೆ, ಒಂದೆರಡು ವರ್ಷಕ್ಕೆ ಮುಗಿಯುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಗಾಳಿಯಲ್ಲಿ ತೇವವೇ ಇಲ್ಲದಾಗ ಕೆಲಸ ಮಾಡುವುದಿಲ್ಲ. ಅಂದರೆ ಮಾರ್ಚಿನ ಮುಧೋಳದಲ್ಲಿ, ಬೇಕಾದಾಗಲೇ ಕೈಕೊಡುತ್ತದೆ. ಕರಾವಳಿಯ ಗೋದಾಮಿನಲ್ಲಿ ಸರಿ ಹೋದದ್ದು ಬಯಲು ಸೀಮೆಯಲ್ಲಿ ಸೋಲುವುದು ಇಲ್ಲಿ.

ಎರಡನೆಯದು ಕಾರ್ಬನ್. ನಯವಾದ ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯನ್ನು ಪ್ಲಾಸ್ಟಿಕ್ ಅಥವಾ ರಬ್ಬರಿನಲ್ಲಿ ಕಲಸುತ್ತಾರೆ. ಇದರ ಗುಣ ವಿಚಿತ್ರ. ಶೇ. 5 ಬೆರೆಸಿದರೂ ಏನೂ ಆಗುವುದಿಲ್ಲ, ಶೇ. 10 ಬೆರೆಸಿದರೂ ಅಷ್ಟೇ. ಇನ್ನು ಸ್ವಲ್ಪ ಹೆಚ್ಚಿಸಿದರೆ ಒಮ್ಮೆಲೇ ರೋಧ ಕೋಟಿ ಪಟ್ಟು, ಸಾವಿರ ಕೋಟಿ ಪಟ್ಟು ಕುಸಿಯುತ್ತದೆ. ಬೇಸಿಗೆಯಲ್ಲಿ ಘಟಪ್ರಭೆಯನ್ನು ಕಲ್ಲಿನಿಂದ ಕಲ್ಲಿಗೆ ಜಿಗಿದು ದಾಟುವವರಿಗೆ ಇದು ಗೊತ್ತು: ಹೊಳೆಯಲ್ಲಿ ಹತ್ತು ಕಲ್ಲಿದ್ದರೂ ಐವತ್ತಿದ್ದರೂ ನಡುವೆ ಒಂದು ಕಡೆ ಜಿಗಿಯಲಾರದ ಅಂತರ ಇದ್ದರೆ ದಾಟಲಾಗದು, ಆ ಅಂತರದಲ್ಲಿ ಒಂದು ಕಲ್ಲು ಬಿದ್ದ ದಿನ ಈ ದಡದಿಂದ ಆ ದಡಕ್ಕೆ ದಾರಿಯಾಗುತ್ತದೆ. ಕಾರ್ಬನ್ ಕಣಗಳು ಪೂರ್ತಿ ತಾಗಬೇಕೆಂದೂ ಇಲ್ಲ, ಮೀಟರಿನ ನೂರು ಕೋಟಿಯ ಕೆಲವು ಭಾಗದಷ್ಟು ಹತ್ತಿರ ಬಂದರೆ ಎಲೆಕ್ಟ್ರಾನ್ ನೆಗೆಯುತ್ತದೆ. ಸಾದಾ ಕಾರ್ಬನ್ ಬ್ಲ್ಯಾಕ್ ಆದರೆ ಶೇ. 15-20 ತೂಕ ಬೇಕು. ದ್ರಾಕ್ಷಿಗೊಂಚಲಿನ ಆಕಾರದ ಕವಲುಕಣಗಳ ವಿಶೇಷ ಬಗೆಯಾದರೆ ಅದರ ಅರ್ಧಕ್ಕೂ ಕಡಿಮೆ. ಕಾರ್ಬನ್ ನ್ಯಾನೊಟ್ಯೂಬ್ ಆದರೆ ಶೇ. 1-3 ಸಾಕು, ದುಡ್ಡು ಮಾತ್ರ ಹೆಚ್ಚು.

ಈ ದಿಢೀರ್ ಕುಸಿತವೇ ತಯಾರಕರಿಗೆ ತಲೆನೋವು. ನಮಗೆ ಬೇಕಾದ ನಡುವಿನ ರೋಧ ಇರುವುದು ಕಡಿದಾದ ಇಳಿಜಾರಿನ ಮಧ್ಯದಲ್ಲಿ. ಮಸಿ ಅರ್ಧ ಶೇಕಡ ಆಚೀಚೆಯಾದರೆ, ಕಲಸಿದ್ದು ಹೆಚ್ಚಾಗಿ ಕಣಗಳ ಸರಪಳಿ ಮುರಿದರೆ, ಅಚ್ಚಿನಲ್ಲಿ ಹಾಳೆ ಹೆಚ್ಚು ಎಳೆದರೆ ಒಂದೇ ಬುಟ್ಟಿಯ ಒಂದು ಮೂಲೆ ವಾಹಕ, ಇನ್ನೊಂದು ಮೂಲೆ ಅವಾಹಕ ಆಗಬಹುದು. ಆದ್ದರಿಂದ ಅಗ್ಗದ ಕಪ್ಪು ಮಾಲಿನಲ್ಲಿ ‘ಕಪ್ಪಗಿದೆ’ ಎಂಬುದು ಯಾವ ಪುರಾವೆಯೂ ಅಲ್ಲ. ನೀರಿನ ಟ್ಯಾಂಕು, ಡ್ರಿಪ್ ಪೈಪುಗಳಲ್ಲೂ ಬಿಸಿಲಿನಿಂದ ಕಾಪಾಡಲು ಶೇ. 2-3 ಕಾರ್ಬನ್ ಇರುತ್ತದೆ. ಅವು ಕರಿ, ಆದರೆ ಪಕ್ಕಾ ಅವಾಹಕ.

ಮೂರನೆಯದು ತಾನೇ ವಾಹಕವಾದ ಪಾಲಿಮರ್. 1967ರಲ್ಲಿ ಟೋಕಿಯೊದಲ್ಲಿ ಹಿದೆಕಿ ಶಿರಾಕಾವ ಕೆಲಸ ಮಾಡುತ್ತಿದ್ದ ಪ್ರಯೋಗಶಾಲೆಯಲ್ಲಿ ಪಾಲಿಅಸಿಟಿಲೀನ್ ಮಾಡುವಾಗ ವೇಗವರ್ಧಕವನ್ನು ಹೇಳಿದ್ದಕ್ಕಿಂತ ಸಾವಿರ ಪಟ್ಟು ಹಾಕಿಬಿಟ್ಟರು. ಕರಿ ಪುಡಿಯ ಬದಲು ಬೆಳ್ಳಿಯಂತೆ ಹೊಳೆಯುವ ಪೊರೆ ಬಂತು. ಅಮೆರಿಕದ ಅಲನ್ ಮ್ಯಾಕ್‌ಡಯರ್ಮಿಡ್ ಮತ್ತು ಅಲನ್ ಹೀಗರ್ ಜೊತೆ ಸೇರಿ ಆ ಪೊರೆಗೆ ಅಯೋಡಿನ್ ಆವಿ ತೋರಿಸಿದಾಗ ಅದರ ವಾಹಕತೆ ಕೋಟಿ ಪಟ್ಟು ಏರಿತು. ಅದು ಪ್ರಕಟವಾದದ್ದು 1977ರಲ್ಲಿ, ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂದದ್ದು 2000ದಲ್ಲಿ. ಇದರಲ್ಲಿ ಕಾರ್ಬನ್ ಸರಪಳಿಯ ಉದ್ದಕ್ಕೂ ಒಂಟಿ ಬಂಧ, ಜೋಡಿ ಬಂಧ ಒಂದಾದ ಮೇಲೆ ಒಂದು ಬರುತ್ತವೆ. ಅಯೋಡಿನ್ ಅಲ್ಲಿಂದ ಕೆಲವು ಎಲೆಕ್ಟ್ರಾನ್ ಕಿತ್ತುಕೊಂಡರೆ ಖಾಲಿಯಾದ ಜಾಗ ಸರಪಳಿಯ ಮೇಲೆ ಸರಿದಾಡುತ್ತದೆ. ಅದೇ ಕರೆಂಟು.

ಪಾಲಿಅಸಿಟಿಲೀನ್ ಗಾಳಿಯಲ್ಲಿ ಕೆಡುತ್ತದೆ, ಆದ್ದರಿಂದ ಅಂಗಡಿಗೆ ಬರಲಿಲ್ಲ. ಅದರ ಬದಲು ಪಾಲಿಅನಿಲೀನ್, ಪಾಲಿಪಿರೋಲ್, ಪೆಡಾಟ್ ಎಂಬವು ಬಳಕೆಗೆ ಬಂದವು. 1990ರ ದಶಕದಲ್ಲಿ ಆಗ್ಫಾ ಕಂಪನಿ ಫೋಟೊ ಫಿಲ್ಮಿಗೆ ಬಳಿದ ಸ್ಟ್ಯಾಟಿಕ್ ತಡೆ ಪದರ ಪೆಡಾಟಿನದು. ಫಿಲ್ಮ್ ಸುರುಳಿ ಬಿಚ್ಚುವಾಗ ಹಾರುವ ಕಿಡಿಯಿಂದ ಫೋಟೊದಲ್ಲಿ ಮರದ ಕೊಂಬೆಯಂಥ ಗೆರೆ ಬೀಳುತ್ತಿತ್ತು, ಅದಕ್ಕೆ ಮದ್ದು. ಫಿಲ್ಮ್ ಪಾರದರ್ಶಕವಾಗಿರಬೇಕಾದ್ದರಿಂದ ಅಲ್ಲಿ ಕಾರ್ಬನ್ ಮಸಿ ಹಾಕುವಂತಿರಲಿಲ್ಲ. ಪಾಲಿಅನಿಲೀನಿನ ಕತೆಯಂತೂ ನೇಕಾರರಿಗೆ ದೂರದ್ದಲ್ಲ. 1863ರಲ್ಲಿ ಇಂಗ್ಲೆಂಡಿನ ಜಾನ್ ಲೈಟ್‌ಫುಟ್ ಪೇಟೆಂಟ್ ಪಡೆದ, ಹತ್ತಿ ಬಟ್ಟೆಯ ಮೇಲೆ ತಾನೇ ಬೆಳೆಯುವ ‘ಅನಿಲೀನ್ ಕಪ್ಪು’ ಬಣ್ಣ ಅದೇ ಕುಟುಂಬದ್ದು. ಅದರೊಳಗೆ ವಾಹಕತೆ ಅಡಗಿದೆ ಎಂದು ಬಟ್ಟೆಗೆ ಬಣ್ಣ ಹಾಕುತ್ತಿದ್ದವರಿಗೆ ಆಗ ಯಾಕೆ ಅನಿಸಬೇಕು? ಹುಳಿ ಸೇರಿದಾಗ ಹಸಿರಾಗಿ ಕರೆಂಟು ಹರಿಸುವ ಪಾಲಿಅನಿಲೀನ್, ಕ್ಷಾರ ತಾಗಿದರೆ ನೀಲಿಯಾಗಿ ಅವಾಹಕವಾಗುತ್ತದೆ. ಅಂದರೆ ಅದನ್ನು ಬಳಿದ ಬಟ್ಟೆಯನ್ನು ಸೋಪಿನ ನೀರಿನಲ್ಲಿ ಒಗೆದರೆ ಕೆಲಸ ಕೆಟ್ಟಿತು. ನೊಬೆಲ್ ಬಂದರೂ ಹೆಚ್ಚಿನ ಕಾರ್ಖಾನೆಗಳಲ್ಲಿ ಇಂದಿಗೂ ದುಡಿಯುತ್ತಿರುವುದು ಕರಿ ಕಾರ್ಬನ್ನೇ, ಅದಕ್ಕೆ ಇಂಥ ಕಾರಣಗಳಿವೆ.

ಎಲ್ಲೆಲ್ಲಿ ಕಾಣುತ್ತದೆ

ಪೆಟ್ರೋಲ್ ಬಂಕಿನ ಕರಿ ಹೋಸ್ ಪೈಪು ನೋಡಿ. ಅದು ಸಾದಾ ರಬ್ಬರ್ ಅಲ್ಲ, ನಾಝಲಿನಿಂದ ಪಂಪಿನವರೆಗೆ ಚಾರ್ಜು ಇಳಿಯುವಂತೆ ಕಾರ್ಬನ್ ಬೆರೆಸಿದ್ದು ಅಥವಾ ಒಳಗೆ ತಂತಿ ಇರುವುದು. ವಾಹನದ ಟಾಯರೂ ಅಷ್ಟೇ. ಅದರ ಕಾರ್ಬನ್ ಮುಖ್ಯವಾಗಿ ಬಲಕ್ಕೆ ಹಾಕಿದ್ದು, ಆದರೆ ವಾಹನದ ಚಾರ್ಜು ರಸ್ತೆಗೆ ಇಳಿಯುವುದೂ ಅದರಿಂದಲೇ. ಮೈಲೇಜಿಗಾಗಿ ಕಾರ್ಬನ್ ಕಡಿಮೆ ಮಾಡಿ ಸಿಲಿಕಾ ಹಾಕಿದ ಟಾಯರುಗಳಲ್ಲಿ ನಡುವೆ ಒಂದು ತೆಳು ವಾಹಕ ರಬ್ಬರಿನ ಪಟ್ಟಿಯನ್ನು ಬೇಕೆಂದೇ ಬಿಡುತ್ತಾರೆ. ಟ್ಯಾಂಕರ್ ಇಳಿಸುವಾಗ ಮೊದಲು ಅರ್ಥಿಂಗ್ ಕ್ಲಿಪ್ಪು, ಆಮೇಲೆ ಪೈಪು. ಬಿಚ್ಚುವಾಗ ಮೊದಲು ಪೈಪು, ಕೊನೆಗೆ ಕ್ಲಿಪ್ಪು. ಬಣ್ಣ, ತುಕ್ಕಿನ ಮೇಲೆ ಕಚ್ಚಿದ ಕ್ಲಿಪ್ಪು ಲೆಕ್ಕಕ್ಕಿಲ್ಲ, ಲೋಹ ಕಾಣಬೇಕು.

ಪಂಪ್‌ಸೆಟ್ಟಿಗೆ, ಔಷಧ ಸಿಂಪಡಿಸುವ ಯಂತ್ರಕ್ಕೆ ಎಂದು ಪ್ಲಾಸ್ಟಿಕ್ ಕ್ಯಾನಿನಲ್ಲಿ ಪೆಟ್ರೋಲ್ ಒಯ್ಯುವುದು ಹಳ್ಳಿಗಳಲ್ಲಿ ನಡೆದೇ ಇದೆ. ಅನುಮತಿ ಇಲ್ಲದ ಡಬ್ಬಿ, ಬಾಟಲಿಗಳಲ್ಲಿ ಹಾಕಿಸಲೇಬಾರದು. ಒಪ್ಪಿತ ಡಬ್ಬಿಯಾದರೂ ಬೈಕಿನ ಸೀಟಿನ ಮೇಲೆ, ಟ್ರಾಲಿಯ ಪ್ಲಾಸ್ಟಿಕ್ ಹಾಸಿನ ಮೇಲೆ ಇಟ್ಟು ತುಂಬಿಸಬಾರದು. ನೆಲಕ್ಕಿಡಬೇಕು, ನಾಝಲ್ ಡಬ್ಬಿಯ ಬಾಯಿಗೆ ತಾಗಿರಬೇಕು, ಮೆಲ್ಲಗೆ ಬಿಡಬೇಕು. ಪೆಟ್ರೋಲಿದ್ದ ಡಬ್ಬಿಗೆ ಡೀಸೆಲ್ ಹಾಕಿಸುವುದು ನಿರಪಾಯ ಎಂದು ಕಾಣುತ್ತದೆ. ಅದರೊಳಗೆ ಉಳಿದ ಪೆಟ್ರೋಲ್ ಆವಿ ಹೊಸ ಗಾಳಿ ಸೇರಿ ಉರಿಯುವ ಹದಕ್ಕೆ ಬಂದಿರುವುದರಿಂದ ಅದೇ ಹೆಚ್ಚು ಅಪಾಯ.

ಸಕ್ಕರೆಯನ್ನು ಗೋಣಿಚೀಲದಲ್ಲಿ ತುಂಬುತ್ತಿದ್ದ ಕಾಲದಲ್ಲಿ ಸೆಣಬು ತೇವ ಹೀರಿ ಸ್ಟ್ಯಾಟಿಕ್ ಕಾಟ ತಾನೇ ಕಳೆಯುತ್ತಿತ್ತು. 1987ರ ಸೆಣಬು ಚೀಲ ಕಾಯ್ದೆಯಡಿ ಈಗ ಸಕ್ಕರೆಯ ಶೇ. 20 ಭಾಗಕ್ಕೆ ಮಾತ್ರ ಸೆಣಬು ಕಡ್ಡಾಯ. ಉಳಿದದ್ದು ಹೆಚ್ಚಾಗಿ ಪಾಲಿಪ್ರೊಪಿಲೀನ್. ಟನ್ನುಗಟ್ಟಲೆ ಪುಡಿ ತುಂಬುವ ಜಂಬೋ ಬ್ಯಾಗುಗಳಲ್ಲಿ ನಾಲ್ಕು ಬಗೆ ಇವೆ. ಎ ಬಗೆಗೆ ಯಾವ ರಕ್ಷಣೆಯೂ ಇಲ್ಲ. ಬಿ ಬಗೆಯ ಬಟ್ಟೆ 6 ಸಾವಿರ ವೋಲ್ಟಿನೊಳಗೇ ತೂತಾಗಿ ದೊಡ್ಡ ಕಿಡಿ ಬೆಳೆಯದಂತೆ ನೋಡಿಕೊಳ್ಳುತ್ತದೆ. ಸಿ ಬಗೆಯಲ್ಲಿ ಕಾರ್ಬನ್ ಎಳೆಗಳ ಜಾಲ ನೇಯ್ದು, ಒಂದು ಕಿವಿಗೆ ಅರ್ಥಿಂಗ್ ಜೋಡಿಸಲು ಜಾಗ ಬಿಟ್ಟಿರುತ್ತಾರೆ. ಡಿ ಬಗೆಯ ವಿಶೇಷ ಎಳೆಗಳು ಅರ್ಥಿಂಗ್ ಇಲ್ಲದೆಯೇ ಚಾರ್ಜನ್ನು ಗಾಳಿಗೆ ಸಣ್ಣಸಣ್ಣದಾಗಿ ಬಿಡುತ್ತವೆ. ಸಿ ಬ್ಯಾಗ್ ಕೊಂಡು ಕ್ಲಿಪ್ಪು ಹಾಕದೆ ಬಿಟ್ಟರೆ ಆಗುವುದು ಮೇಲೆ ಹೇಳಿದ ಆಲಿಕೆಯ ಕತೆ. ಪುಡಿ ಸಾಗಿಸುವ ರಬ್ಬರ್ ಬೆಲ್ಟ್ ಕೊಳ್ಳುವಾಗ ಮೇಲ್ಮೈ ರೋಧ 30 ಕೋಟಿ ಓಮಿನೊಳಗೆ ಎಂದು ಕೇಳಿ ಪಡೆಯಬೇಕು, ಅಂತಾರಾಷ್ಟ್ರೀಯ ಮಾನಕದ ಮಿತಿ ಅದು.

ಮಗ್ಗಕ್ಕೆ ಮರಳಿದರೆ, ಮಗ್ಗದ ಕಬ್ಬಿಣಕ್ಕೆ ಎಷ್ಟೇ ಒಳ್ಳೆಯ ಅರ್ಥಿಂಗ್ ಕೊಟ್ಟರೂ ನೂಲಿನ ಮೇಲಿನ ಚಾರ್ಜು ಇಳಿಯುವುದಿಲ್ಲ, ಯಾಕೆಂದರೆ ನೂಲು ಅದನ್ನು ಕಬ್ಬಿಣದವರೆಗೆ ಸಾಗಿಸುವುದೇ ಇಲ್ಲ. ನೂಲಿನ ಹತ್ತಿರ ಹೋಗಿ ಚಾರ್ಜನ್ನು ಕಳೆಯಬೇಕು. ಅದಕ್ಕೆ ಅಗ್ಗದ ಉಪಾಯ ಕಾರ್ಬನ್ ಫೈಬರ್ ಬ್ರಷ್. ಕೂದಲಿಗಿಂತ ತೆಳುವಾದ ವಾಹಕ ಎಳೆಗಳ ಸಾಲನ್ನು ಅಲ್ಯೂಮಿನಿಯಂ ಪಟ್ಟಿಗೆ ಜೋಡಿಸಿ, ಹಾಸಿನ ಅಗಲಕ್ಕೂ, ಎಳೆಗಳಿಗೆ ತಾಗೂ ತಾಗದಂತೆ ಕಟ್ಟಿ, ಪಟ್ಟಿಯನ್ನು ಅರ್ಥಿಂಗಿಗೆ ಸೇರಿಸುತ್ತಾರೆ. ಚೂಪಾದ ತುದಿಯ ಮುಂದೆ ಗಾಳಿಯೇ ಅಯಾನುಗಳಾಗಿ ಒಡೆದು ಚಾರ್ಜನ್ನು ಅಳಿಸುತ್ತದೆ. ಬೇರೆ ಕರೆಂಟು ಬೇಕಿಲ್ಲ. ಸೊನ್ನೆಗೆ ಇಳಿಸುವುದಿಲ್ಲ, ಒಂದೆರಡು ಸಾವಿರ ವೋಲ್ಟ್ ಉಳಿಯುತ್ತದೆ, ಆದರೆ ನೂಲು ಉಬ್ಬುವುದು ನಿಲ್ಲುತ್ತದೆ. ಪೂರ್ತಿ ಕಳೆಯಬೇಕೆಂದರೆ ಐದಾರು ಸಾವಿರ ವೋಲ್ಟಿನ ಟ್ರಾನ್ಸ್‌ಫಾರ್ಮರ್ ಇರುವ ಅಯಾನ್ ಪಟ್ಟಿ ಬೇಕು. ಸಣ್ಣ ಮಾಲೀಕರಿಗೆ ನನ್ನ ಸಲಹೆ ಬ್ರಷ್. ತಿಂಗಳಿಗೊಮ್ಮೆ ಅಂಟಿದ ನವಿರು ತೆಗೆಯುವುದನ್ನು ಮರೆಯಬಾರದು, ಕಸ ಮುಚ್ಚಿದ ತುದಿ ಚೂಪಾದ ತುದಿಯಲ್ಲ.

ಇನ್ನೊಂದು ಮಾತು ಇಲ್ಲಿನ ನೇಕಾರಿಕೆಗೆ ಸಂಬಂಧಿಸಿದ್ದು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಹಾಕುವ ಬಿಳಿ, ತಿಳಿನೀಲಿ ಕೋಟುಗಳ ಮೇಲೆ ಕರಿ ಗೆರೆಯ ಸಣ್ಣ ಚೌಕಳಿ ಕಾಣುತ್ತದೆ. ಅಲಂಕಾರವಲ್ಲ, ಪಾಲಿಯೆಸ್ಟರ್ ಹಾಸು-ಹೊಕ್ಕುಗಳ ನಡುವೆ ಐದು ಮಿಲಿಮೀಟರಿಗೊಂದು ಕಾರ್ಬನ್ ಸೇರಿಸಿದ ಎಳೆ. ಚೌಕಳಿ ಸೀರೆ ನೇಯುವ ಮಗ್ಗಕ್ಕೆ ಈ ವಿನ್ಯಾಸ ಕಷ್ಟವಲ್ಲ. ಕಷ್ಟ ಇರುವುದು ಆ ನೂಲಿನ ಬೆಲೆಯಲ್ಲಿ, ಹೊಲಿಗೆಯಲ್ಲಿ ಒಂದು ತುಂಡಿನ ಗೆರೆ ಇನ್ನೊಂದಕ್ಕೆ ಕೂಡುವಂತೆ ನೋಡಿಕೊಳ್ಳುವುದರಲ್ಲಿ, ನೂರು ಸಲ ಒಗೆದ ಮೇಲೂ ರೋಧ ಮಿತಿಯಲ್ಲಿದೆ ಎಂಬ ಪರೀಕ್ಷೆಯ ಕಾಗದದಲ್ಲಿ. ಅಷ್ಟನ್ನು ಒಂದು ಸಹಕಾರ ಸಂಘ ಹೊತ್ತರೆ ಸೀರೆಯಾಚೆಗೆ ಒಂದು ಮಾರುಕಟ್ಟೆ ಇದೆ ಎಂದು ನನಗನ್ನಿಸುತ್ತದೆ.

ಕೊನೆಗೆ ಅರ್ಥಿಂಗ್ ಮತ್ತು ಪರೀಕ್ಷೆ. ಎರೆಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ, ನೆಟ್ಟ ಕಂಬಿಯ ಸುತ್ತ ಮಣ್ಣು ಬಿಟ್ಟುಕೊಳ್ಳುತ್ತದೆ. ಸ್ಟ್ಯಾಟಿಕ್ ಇಳಿಸಲು ಹತ್ತು ಲಕ್ಷ ಓಮ್ ಇದ್ದರೂ ನಡೆಯುತ್ತದಾದ್ದರಿಂದ ಅದಕ್ಕೆ ಇದು ದೊಡ್ಡ ಅಡ್ಡಿಯಲ್ಲ. ಆದರೆ ಅದೇ ಕಂಬಿಯೇ ಮೋಟರಿನ ರಕ್ಷಣೆಗೂ ಇರುತ್ತದಲ್ಲ, ಗುಂಡಿಗೆ ನೀರು ಹಾಕುತ್ತಿರಬೇಕು. ಸ್ಟ್ಯಾಟಿಕ್ಕಿಗೆ ಮುಖ್ಯವಾದದ್ದು ಲೋಹದ ಪ್ರತಿ ಭಾಗವೂ ಒಂದಕ್ಕೊಂದು ತಂತಿಯಿಂದ ಕೂಡಿರುವುದು.

ಕೊಂಡ ಮಾಲು ನಿಜಕ್ಕೂ ಚಾರ್ಜು ಇಳಿಸುತ್ತದೆಯೇ ಎಂದು ನೋಡಲು ಸಾದಾ ಮಲ್ಟಿಮೀಟರ್ ಸಾಲದು, ಅದು ಕೆಲವು ಕೋಟಿ ಓಮಿಗೇ ಕೈಚೆಲ್ಲುತ್ತದೆ. ಆದರೆ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವ ಅಂಗಡಿಗಳು ಈ ಸೀಮೆಯ ಊರುಗಳಲ್ಲಿವೆ. ಅವರ ಹತ್ತಿರ ಇರುವ 500 ವೋಲ್ಟಿನ ಮೆಗ್ಗರ್ ನೂರು ಕೋಟಿ ಓಮಿನವರೆಗೆ ಓದುವಂಥದ್ದಾದರೆ ಸಾಕು. ಮ್ಯಾಟ್ ಅಥವಾ ಚೀಲದ ಬಟ್ಟೆಯನ್ನು ಒಣ ಹಲಗೆಯ ಮೇಲೆ, ಕೆಳಗೆ ದಪ್ಪ ಸಾದಾ ಪಾಲಿಥಿನ್ ಹಾಸಿ ಇಡಿ. ಮಾನಕದ ಪರೀಕ್ಷೆಯಲ್ಲಿ 2.27 ಕಿಲೊ ತೂಕದ ಎರಡು ಎಲೆಕ್ಟ್ರೋಡ್ ಬಳಸುತ್ತಾರೆ. ಕಿರಾಣಿ ಅಂಗಡಿಯ ಎರಡು ಕಿಲೊ ಕಬ್ಬಿಣದ ತೂಕದ ಬಟ್ಟು ಎರಡು ತಂದು, ಅಡಿಗೆ ಮಡಚಿದ ಅಲ್ಯೂಮಿನಿಯಂ ಹಾಳೆ ಇಟ್ಟು, ಒಂದು ಅಡಿ ದೂರದಲ್ಲಿ ಕೂರಿಸಿ ನಡುವಿನ ರೋಧ ಅಳೆದರೆ ಅಂದಾಜಿಗೆ ಸಾಕು. ಓದು ಲಕ್ಷದಿಂದ ನೂರು ಕೋಟಿಯ ನಡುವೆ ಇದ್ದರೆ ಮ್ಯಾಟ್ ಸರಿ, ಸಿ ಬ್ಯಾಗಿನ ಮೇಲ್ಮಿತಿ ಇದಕ್ಕಿಂತ ಕಡಿಮೆ. ಮುಳ್ಳು ಅನಂತಕ್ಕೆ ಹೋಗಿ ನಿಂತರೆ ನೂರು ಕೋಟಿಗಿಂತ ಹೆಚ್ಚು ಎಂದಷ್ಟೇ ಅರ್ಥ, ಕೆಲಸದ ಮ್ಯಾಟಿಗೆ, ಸಿ ಬ್ಯಾಗಿಗೆ ಅದು ಸಾಲದು. ಅಳೆಯುವಾಗ ಬಟ್ಟುಗಳನ್ನು ಮುಟ್ಟಬಾರದು, ಸ್ಪಿರಿಟ್ ಅಥವಾ ಪೆಟ್ರೋಲ್ ಆವಿ ಇರುವ ಕಡೆ ಮೆಗ್ಗರ್ ತಿರುಗಿಸಲೇಬಾರದು. ಪರೀಕ್ಷೆಯನ್ನು ಮಾರ್ಚ್ ಅಥವಾ ಏಪ್ರಿಲ್ ಮಧ್ಯಾಹ್ನ ಮಾಡಬೇಕು. ಆಗಸ್ಟಿನಲ್ಲಿ ಅಳೆದರೆ ತೇವ ಹಿಡಿಯುವ ಗುಲಾಬಿ ಚೀಲವೂ, ಕಾರ್ಬನ್ ಹಾಕಿದ ಕಪ್ಪು ಚೀಲವೂ ಒಂದೇ ಸಮ ಪಾಸಾಗುತ್ತವೆ.